ಮನವಿಯಲ್ಲಿ ಉಳಿದ ಅಪ್ಪ

"ಈ ಫೋಟೋದಿಂದ ನಿಮ್ಮಪ್ಪನ್ನ ಮೊದ್ಲು ತೆಗಿ!" ದೊಡ್ಡಮ್ಮ ಹುಡುಗಿಯ ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿದಳು. "ದುಡಿಯೋ ಅಪ್ಪ ಪಕ್ಕದಲ್ಲಿ ನಗ್ತಾ ನಿಂತಿದ್ರೆ ಯಾರಮ್ಮ ದುಡ್ಡು ಕಳಿಸ್ತಾರೆ? ಅಪ್ಪ ಇಲ್ಲ ಅಂತ ಬರಿ. ಓದಿದವರ ಕರುಳು ಚುರುಕ್ ಅನ್ನಬೇಕು!"

ಪಾತ್ರೆ ಉಜ್ಜುತ್ತಿದ್ದ ಅಮ್ಮನ ಕೈ ಹಾಗೇ ನಿಂತಿತು. ಲಿಫ್ಟ್ ರಿಪೇರಿ ಮುಗಿಸಿ ಬಂದ ಅಪ್ಪ, ಗ್ರೀಸು ಮೆತ್ತಿದ ಅಂಗಿಯಲ್ಲೇ ಬಾಗಿಲಲ್ಲಿದ್ದ... ಎಲ್ಲವನ್ನೂ ಕೇಳಿಸಿಕೊಂಡಿದ್ದ!

ಹುಡುಗಿಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಜಾಮೀನಿಲ್ಲವೆಂದು ಬ್ಯಾಂಕಿನವರು ಸಾಲ ಕೊಡದ ಮೇಲೆ, ಜನರಿಂದ ನೆರವು ಕೂಡಿಸುವ ವೆಬ್‌ಸೈಟಿನಲ್ಲಿ ಮನವಿ ಹಾಕಿದ್ದಳು. ದೊಡ್ಡಮ್ಮನ ಮಗಳೂ ತನ್ನ ಕಾಲೇಜಿನ ಫೀಸಿಗೆ ಅಲ್ಲೇ ಕೇಳಿದ್ದಳು. ಹಲ್ಲಿನ ಡಾಕ್ಟರಾದ ದೊಡ್ಡಪ್ಪನ ಗೆಳೆಯರು, ಕ್ಲಿನಿಕ್ಕಿಗೆ ಬರುವ ದೊಡ್ಡ ಮನುಷ್ಯರು ಸೇರಿ ಮೂರೇ ದಿನದಲ್ಲಿ ಅವಳ ಫೀಸು ತುಂಬಿಸಿಬಿಟ್ಟಿದ್ದರು. ಇವಳಿಗೆ ಕೊಟ್ಟವರು ಹನ್ನೊಂದೇ ಜನ. ಎಲ್ಲರೂ ಅಪ್ಪನ ಜೊತೆಯ ಮೆಕ್ಯಾನಿಕ್‌ಗಳು. ಸಂಬಳದ ದಿನ ಒಂದಿಷ್ಟು ಕಳಿಸಿ, "ಇಷ್ಟೇ ಆಗಿದ್ದು ಮರಿ, ಬೇಜಾರು ಮಾಡ್ಕೋಬೇಡ" ಎಂದು ಬರೆದವರು. ಅದನ್ನು ಓದಿದಾಗಲೆಲ್ಲ ಅವಳಿಗೆ ಅಳು, ಸಿಟ್ಟು ಒಟ್ಟಿಗೇ ಉಕ್ಕುತ್ತಿತ್ತು.

"ಅತ್ತಿಗೆ ಹೇಳೋದು ಸರಿ." ಅಪ್ಪ ಮೆಲ್ಲನೆ ಒಳಗೆ ಬಂದ. "ಬರಿ ಪುಟ್ಟಿ, ಅಪ್ಪ ಇಲ್ಲ ಅಂತ. ಬರೆದ ತಕ್ಷಣ ನಾನೇನು ಸತ್ತುಹೋಗ್ತೀನಾ?" ನಗಲು ನೋಡಿದ. ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಅಪ್ಪಾ...!" ಹುಡುಗಿ ಚೀರಿದಳು. "ಅಕ್ಕ ಅವರಪ್ಪನ ಹೆಸರು ಹೇಳ್ಕೊಂಡು ಕಾಲೇಜಿಗೆ ಹೋಗ್ಬೇಕು, ನಾನು ನನ್ನಪ್ಪನ್ನ ಸಾಯಿಸಿ ಹೋಗ್ಬೇಕಾ? ಇದ್ಯಾವ ನ್ಯಾಯ? ನನ್ನ ಕೈಲಾಗಲ್ಲ!"

"ಹಟ ಮಾಡಿದ್ರೆ ಸೀಟು ಹೋಗುತ್ತೆ, ಅಷ್ಟೇ," ಎನ್ನುತ್ತ ದೊಡ್ಡಮ್ಮ ಚೀಲ ಹೆಗಲಿಗೇರಿಸಿ ಹೊರಟಳು.

ಸೀಟು ಹೋಯಿತು. ಫೀಸು ಕಟ್ಟುವ ಕೊನೆಯ ದಿನ, ಐದು ಗಂಟೆಗೆ ಕಾಲೇಜಿನ ಕಚೇರಿ ಮುಚ್ಚುವವರೆಗೂ ಅವಳು ಮನವಿಯ ಪುಟ ತೆರೆದು ನೋಡುತ್ತಲೇ ಇದ್ದಳು. ಹನ್ನೆರಡನೆಯವರು ಬರಲೇ ಇಲ್ಲ. ಹನ್ನೊಂದು ಜನಕ್ಕೂ ಹಣ ಹಿಂತಿರುಗಿಸಿದಳು.

ಮರುವಾರ ನಾಯಿ, ಬೆಕ್ಕುಗಳ ಆಸ್ಪತ್ರೆಯೊಂದರಲ್ಲಿ ಪಂಜರ ತೊಳೆಯುವ ಕೆಲಸಕ್ಕೆ ಸೇರಿದಳು. ಮೊದಲ ದಿನ ಅಪ್ಪ ಗೇಟಿನವರೆಗೂ ಬಂದ.

"ನಾನು ಹೇಳಿದ ಹಾಗೆ ಬರೆದಿದ್ರೆ ಇಷ್ಟೊತ್ತಿಗೆ ನೀನು..."

"ಇನ್ನೊಂದ್ ಸಲ ಆ ಮಾತಾಡಿದ್ರೆ ನಿನ್ನ ಹತ್ರ ಮಾತೇ ಬಿಡ್ತೀನಿ ಅಪ್ಪಾ!"

ಅಪ್ಪ ಊಟದ ಡಬ್ಬಿಯನ್ನು ಅವಳ ಕೈಗಿತ್ತ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ರಬ್ಬರ್ ಬೂಟು ಹಾಕಿಕೊಂಡು, ನೀರಿನ ಪೈಪು ಹಿಡಿದು, ಮೊದಲ ಪಂಜರದ ಚಿಲಕ ತೆಗೆದಳು.