ಹಿಟ್ಟಿನ ಮೇಲಿನ ಎಡಗೈ

ಹಿಟ್ನಾಳದ ನಮ್ಮ ಮನೆಯಲ್ಲಿ ಅತ್ತೆ ದುರುಗವ್ವ ತೀರಿಕೊಂಡ ಮರುದಿನ, ಅವರು ಪ್ರಾಣ ಬಿಟ್ಟ ಕೋಣೆಯ ನೆಲಕ್ಕೆ ಜೋಳದ ಹಿಟ್ಟು ಹರಡಿ ಬಾಗಿಲು ಮುಚ್ಚಿದರು. ಸತ್ತವರು ಬಂದುಹೋದರೆ ಹಿಟ್ಟಿನಲ್ಲಿ ಗುರುತು ಮೂಡುತ್ತದಂತೆ. ಮರುಬೆಳಿಗ್ಗೆ ಬಾಗಿಲು ತೆರೆದಾಗ ಮೂಡಿತ್ತು. ಬಲಕ್ಕೆ ಪುಟ್ಟ ಕೈಯೂರಿದ ಚುಕ್ಕೆಗಳು, ಎಡಕ್ಕೆ ಎಳೆದ ಗೆರೆ. ಲಕ್ವಾ ಹೊಡೆದ ಮೇಲೆ ಅತ್ತೆ ಹಾಗೆಯೇ ತೆವಳುತ್ತಿದ್ದರು, ಬಲಗೈ ಊರಿ, ಎಡಗೈ ಎಳೆದುಕೊಂಡು.

“ಆಕಿ ಇನ್ನೂ ಹೋಗಿಲ್ಲ. ನೀವು ಮನಿ ಬಿಡ್ಬೇಕವ್ವ,” ಎಂದರು ದೊಡ್ಡಮಾವ ವಿರುಪಣ್ಣ.

“ಅದು ಜಂತ್ಯಾಗಿನ ಬಾವಲಿರಿ ಮಾವಾರ,” ಎಂದೆ. “ ನೆಲಕ್ಕಿಳಿದ್ರ ರೆಕ್ಕಿ ಮಡಚಿ, ಕೈಯೂರಿ ನಡೀತೈತಿ. ನಾ ಎಲ್ಲಿಗೂ ಹೋಗಂಗಿಲ್ಲ.”

ಸಂಜೆ ಹಿಟ್ಟನ್ನು ಸಮ ಮಾಡಿ, ದೀಪ ಹಚ್ಚಿಕೊಂಡು ನಾನೇ ಒಳಗೆ ಕೂತೆ. ಅಂಥ ಬೇಸಿಗೆಯಲ್ಲೂ ನೆಲ ತಣ್ಣಗಿತ್ತು. ಅತ್ತೆಯ ಕೈಗೆ ತಿಕ್ಕುತ್ತಿದ್ದ ಎಣ್ಣೆಯ ವಾಸನೆ ಬರುತ್ತಿತ್ತು. ಜಂತಿಯಿಂದ ಬಾವಲಿ ಇಳಿಯಿತು. ಮೊಣಕೈ ಮೇಲೆತ್ತಿ, ಮಡಚಿದ ರೆಕ್ಕೆಗಳನ್ನು ಒಂದಾದ ಮೇಲೊಂದು ಊರುತ್ತ ಹಿಟ್ಟು ದಾಟಿ ಗೋಡೆ ಹತ್ತಿತು. ಕುಂಟಲಿಲ್ಲ, ಯಾವ ರೆಕ್ಕೆಯನ್ನೂ ಎಳೆಯಲಿಲ್ಲ.

ಗೆದ್ದೆನೆಂದು ಮಾವನನ್ನು ಕೂಗಿ ಕರೆದು ದೀಪ ಬಗ್ಗಿಸಿದೆ. ಬಲಕ್ಕೆ ಚುಕ್ಕೆಗಳು, ಎಡಕ್ಕೆ ಎಳೆದ ಗೆರೆ.

ಮಾವ ನನ್ನ ಮುಖ ನೋಡಿದರು.

“ಇದ್ರ ಇರ್ಲಿ ಬಿಡ್ರಿ,” ಎಂದೆ. “ಅವರದೂ ಮನಿ ಐತಿ, ನಂದೂ ಐತಿ.”

ಮನೆ ಬಿಡಲಿಲ್ಲ. ಈಗ ಅದೇ ಕೋಣೆಯಲ್ಲಿ ರೊಟ್ಟಿ ಬಡಿಯುತ್ತೇನೆ. ಬೆಳಿಗ್ಗೆ ಎದ್ದು, ಚೆಲ್ಲಿದ ಹಿಟ್ಟನ್ನು ಆ ಗೆರೆಯ ಸಮೇತ ಗುಡಿಸುತ್ತೇನೆ. ಜಂತಿಗೆ ಜಾಲರಿ ಹೊಡೆಸಿದ ಮೇಲೆ ಆ ಕೋಣೆಗೆ ಬಾವಲಿ ಬಂದಿಲ್ಲ.