ಇಪ್ಪತ್ಮೂರನೇ ನಿಮಿಷ

"ಹೆದರಬ್ಯಾಡ್ರಿ ಟೀಚರ್..."

ಆಸ್ಪತ್ರೆ ಕೋಣೆಯ ಬಾಗಿಲ ಬಳಿಯ ಆ ದನಿಗೆ ಸ್ಫೂರ್ತಿ ತಿರುಗಿ ನೋಡಿದಳು. ತಿಪ್ಪೇಶ್ ಮಾಸ್ತರ್! ಮೂರು ತಿಂಗಳಿಂದ ಸ್ಟಾಫ್ ರೂಮಿನಲ್ಲಿ ಮುಖ ತಪ್ಪಿಸುತ್ತಿದ್ದವರು, ಕಾರಿನಲ್ಲೂ ಮಾತಾಡದೆ ತಂದು ಇಳಿಸಿದವರು, ಇನ್ನೂ ಹೋಗಿಲ್ಲವೇ?

"ಕಾರು ಅವಂದು. ನಾನೇ ಕರದೆ," ಅತ್ತೆ ಕೊಟ್ರಬಸಮ್ಮ ನರ್ಸ್‌ಗೆ ಹೇಳುತ್ತಾ ಗದರಿದರು. "ಕಂಪ್ಲಿಯಿಂದ ಹೊಸಪೇಟಿಗೆ ನಮ್ಮನ್ನ ಇಳಿಸಿ ಹೋಗಂದ್ರ, ನಿಂತಾನ ನೋಡು!"

ನರ್ಸ್ ಇಬ್ಬರನ್ನೂ ಹೊರಗೆ ಕಳಿಸಿ, ಸ್ಫೂರ್ತಿಗೆ ಬೆಲ್ಟು ಬಿಗಿದಳು. ಎಚ್ಚರ ತಪ್ಪುವುದೇಕೆಂದು ನೋಡುವ ಟಿಲ್ಟ್ ಟೆಸ್ಟಿನ ಮಂಚ ಮೆಲ್ಲಗೆ ಎದ್ದು ಅವಳನ್ನು ನಿಲ್ಲಿಸಿತು.

ಮೂರು ಸಲ ಎಚ್ಚರ ತಪ್ಪಿ ಬಿದ್ದಿದ್ದಳು. ಎರಡು ವರ್ಷದ ಹಿಂದೆ ತೀರಿಕೊಂಡ ಗಂಡ ಚನ್ನಯ್ಯನ ಸಮಾಧಿಯ ಮುಂದೆ ಒಮ್ಮೆ. ಶಾಲೆಯ ಪ್ರಾರ್ಥನೆಯಲ್ಲೊಮ್ಮೆ. ಮೂರನೆಯ ಸಲ, ಮೂರು ತಿಂಗಳ ಹಿಂದೆ, ಬಸ್ ಸ್ಟಾಪಿನ ಬಿಸಿಲಲ್ಲಿ ತಿಪ್ಪೇಶ್ "ನನ್ನ ಮದುವಿ ಆಗ್ತೀರಾ?" ಎಂದು ಕೇಳಿದಾಗ.

ನನ್ನ ಮಗ ಮ್ಯಾಲಿಂದ ನಿನ್ನ ಕರೀತಾನ, ಅದಕ್ಕ ಬೀಳ್ತಿ, ಎಂದಿದ್ದರು ಅತ್ತೆ.

ಸ್ಫೂರ್ತಿಯೂ ನಂಬಿದ್ದಳು. ನಂಬುವುದು ಅವಳಿಗೆ ಬೇಕಿತ್ತು... ಕರೆಯಲಿಕ್ಕಾದರೂ ಅವನು ಎಲ್ಲೋ ಇದ್ದಾನಲ್ಲ!

ಹತ್ತು ನಿಮಿಷ. ಇಪ್ಪತ್ತು. ಎದುರಿಗೆ ಬಿಳಿ ಗೋಡೆ. ಯಾರ ನೆನಪೂ ಬರಲಿಲ್ಲ. ಹಸಿವಾಗಿತ್ತು, ಅಷ್ಟೆ. ಇಪ್ಪತ್ಮೂರನೇ ನಿಮಿಷಕ್ಕೆ ಬೆವರು... ಕಿವಿಯಲ್ಲಿ ಗುಂಯ್... ಕತ್ತಲು.

ಕಣ್ಣು ಬಿಟ್ಟಾಗ ಮಂಚ ಮತ್ತೆ ಅಡ್ಡವಾಗಿತ್ತು. ಅತ್ತೆ ಪಕ್ಕದಲ್ಲಿದ್ದರು.

"ಹೃದಯ ಗಟ್ಟಿಯಾಗಿದೆ," ಎಂದರು ಡಾಕ್ಟರ್. "ಬಹಳ ಹೊತ್ತು ನಿಂತರೆ ನಿಮ್ಮ ರಕ್ತ ಕಾಲಿಗಿಳಿದು ನಾಡಿ, ಬಿಪಿ ಎರಡೂ ಕುಸಿಯುತ್ತವೆ. ಬಿದ್ದ ದಿನ ಏನಾದರೂ ತಿಂದಿದ್ರಾ?"

"ಮೂರೂ ಸೋಮವಾರ... ಅವರ ಹೆಸರಲ್ಲಿ ಉಪವಾಸ. ನೀರೂ ಕುಡಿಯಲ್ಲ."

"ಇನ್ಮೇಲೆ ಕುಡೀರಿ. ತಲೆ ಸುತ್ತಿದರೆ ತಕ್ಷಣ ಮಲಗಿಬಿಡಿ."

ಹಾಗಾದರೆ ಅವನು ಕರೆದಿರಲೇ ಇಲ್ಲ. ಒಂದು ಸಲವೂ.

ಎರಡು ವರ್ಷದಲ್ಲಿ ಮೊದಲ ಬಾರಿ ಸ್ಫೂರ್ತಿ ಅತ್ತಳು. ಕೊಟ್ರಬಸಮ್ಮನೂ ಅತ್ತರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು.

"ಅವ ಹೋಗ್ಯಾನ ಬಿಡವ್ವ... ಮಜ್ಜಿಗಿ ತರ್ತೀನಿ." ಬಾಗಿಲಲ್ಲಿ ಅವರ ದನಿ ಏರಿತು. "ಲೇ ಮಾಸ್ತರ, ಕಂಬದಂಗ ನಿಂತೀಯಲ್ಲ, ಒಳಗ ಹೋಗು!"

ತಿಪ್ಪೇಶ್ ಒಳಗೆ ಬಂದ.

"ನಾ ಕೇಳಿದ್ದಕ್ಕ ಬಿದ್ರಿ ಅನ್ಕೊಂಡಿದ್ದೆ. ಅದಕ್ಕ ದೂರ..."

"ನಿಂತಿದ್ದಕ್ಕ ಬಿದ್ದೆ, ಮಾಸ್ತರ. ಉತ್ತರ ಹೇಳಾಕ ನಾ ಬಾಯಿ ತೆಗಿಯೂದ್ರೊಳಗ..." ಅವಳು ಸೂರು ನೋಡಿದಳು. "ಇನ್ನೊಮ್ಮೆ ಕೇಳ್ರಿ. ಈಗ ಮಲಗೇನಿ. ಬೀಳೂದಿಲ್ಲ."

ಸ್ಟೂಲ್ ಎಳೆದು ಕೂತ. ಕೇಳಿದ.

"ಹೂಂ," ಎಂದಳು. "ಆದ್ರ ಗೋಡಿ ಮ್ಯಾಗಿನ ಅವರ ಫೋಟೋ ತೆಗಿಯೂದಿಲ್ಲ."

"ತೆಗೀಬ್ಯಾಡ್ರಿ... ನಮ್ಮ ಮನ್ಯಾಗ ಅದಕ್ಕ ಮೊಳಿ ನಾನೇ ಹೊಡೀತೀನಿ."