ಶಿಲುಬೆ ಗುಡ್ಡದ ನುಣುಪು ಕಲ್ಲು

"ಅದ ಮುಟ್ಬ್ಯಾಡಿ ಸಾಮಿ. ಅದು ನಮ್ಮಜ್ಜ."

ಯಲಹಂಕದಾಚೆಯ ಶಿಲುಬೆ ಗುಡ್ಡದ ಬುಡದಲ್ಲಿ ಇರುಳಿಗರ ಸೊಣ್ಣಮ್ಮ ಕೈಮುಗಿದು ನಿಂತಿದ್ದಳು. ಅವಳ ಹಿಂದೆ ಚಪ್ಪಡಿಯ ಗೂಡು, ಅದರೊಳಗೆ ಒತ್ತಾಗಿ ಜೋಡಿಸಿದ ನುಣುಪು ಹೊಳೆಗಲ್ಲುಗಳು. ಸತ್ತವರಿಗೆ ಒಬ್ಬರಿಗೊಂದರಂತೆ ಕಲ್ಲಿಡುವುದು ಅವಳ ಕುಲದ ಪದ್ಧತಿ.

ಸಿರಿಲ್ ನಕ್ಕ. ಮಂಗಳೂರಿನಿಂದ ಬಂದು ಪುಟ್ಟೇನಹಳ್ಳಿಯಲ್ಲಿ ಮನೆ ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಮಗಳು ಜೆನಿಶಾ ಜ್ವರದಲ್ಲಿ ಬೇಯುತ್ತಿದ್ದಳು. ಅವಳು ಉಳಿದರೆ ಸಾಕೆಂದು, ಗುಡ್ ಫ್ರೈಡೇ ಯಾತ್ರಿಕರ ಜೊತೆ ಕಲ್ಲು ಹೊತ್ತು ಶಿಲುಬೆಯ ಬುಡಕ್ಕೆ ಹಾಕುವ ಹರಕೆ ಮಾಡಿಕೊಂಡಿದ್ದ. ಉಳಿದವರ ಹೆಗಲ ಮೇಲೆ ಕ್ವಾರಿಯ ಚೂಪು ಕಲ್ಲುಗಳಿದ್ದವು. ಇವನಿಗೆ ಚುಚ್ಚದ ಕಲ್ಲು ಬೇಕಿತ್ತು. ಹರಕೆಯಲ್ಲೂ ಸುಖ ಹುಡುಕುವ ಆಸಾಮಿ!

"ಒಂದ್ ಎತ್ತಿದ್ರೆ ಆ ಜಾಗ ಖಾಲಿ ಇರಾಕಿಲ್ಲ. ಎತ್ತಿದೋರ ಮನೆಯಿಂದ ತುಂಬ್ಕೊಂತದೆ."

"ಎಂತ ಮಾಟ ಮಾರಾಯ್ತಿ! ಬಿಳಿ ದೊರೆಗಳು ಬಂದು ಶಿಲುಬೆ ನೆಟ್ಟದ್ದಕ್ಕೆ ನೀವು ಮನುಷ್ಯರಾದದ್ದು. ಇನ್ನೂ ಕಲ್ಲಿಗೆ ಅಜ್ಜ ಅಂತೀಯಲ್ಲ?"

"ಶಿಲುಬೆ ನೆಟ್ಟ ಆ ದೊರೆನೂ ನಮ್ಮೋರ ಕಲ್ಲೇ ಅದ್ರ ಕಟ್ಟೆಗೆ ಆಕ್ದ ಸಾಮಿ. ಅವನ ಮನೇಲಿ ಒಬ್ರೂ ಉಳೀನಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಿರಿಲ್ ಗೂಡಿನಿಂದ ಆ ಕಲ್ಲನ್ನೇ ಎತ್ತಿ ಹೆಗಲಿಗೇರಿಸಿಕೊಂಡು ಹೊರಟ.

ಒಣಗಿದ ನೀಲಗಿರಿ ಎಲೆಯ ಘಾಟು, ಬೆವರು, ಮುಂದಿನವರ ಜಪದ ಗುಂಯ್‌ಗುಡುವಿಕೆ. ಅರ್ಧ ದಾರಿಯಲ್ಲಿ ಬಿಸಿಲು ಮಂಕಾಯಿತು. ಆಗತಾನೆ ಅಗೆದ ಮಣ್ಣಿನ ವಾಸನೆ ಮೂಗಿಗೆ ಅಡರಿತು. ಜಪ ಕೇಳದಾಯಿತು. ಕಿವಿಯ ಪಕ್ಕದಲ್ಲೇ ಯಾರೋ ಉಸಿರಾಡಿದರು. ಮುದಿ ಉಸಿರು. ತಿರುಗಿದರೆ ಯಾರೂ ಇಲ್ಲ, ಹೆಗಲ ಮೇಲೆ ಕಲ್ಲು ಮಾತ್ರ.

ಫೋನು ಬಡಿದುಕೊಂಡಿತು. ಹೆಂಡತಿ ಲವೀನಾ.

"ರೀ, ಮಗು ತಣ್ಣಗಾಗ್ತಾ ಉಂಟು."

"ಜ್ವರ ಬಿಟ್ಟಿತಾ? ದೇವರು ದೊಡ್ಡವನು!"

"ಇಲ್ಲರೀ... ಮೈಯೆಲ್ಲಾ ಗಟ್ಟಿಯಾಗ್ತಾ ಉಂಟು. ಕಲ್ಲಿನ ಹಾಗೆ. ಬೇಗ ಬನ್ನಿ!"

ಸಿರಿಲ್ ಓಡಿದ. ಕೆಳಕ್ಕೆ. ಕಲ್ಲನ್ನು ಎದೆಗೆ ಅವುಚಿಕೊಂಡು ಓಡಿದ. ಜಾರಿದ. ಮೊಣಕಾಲು ಒಡೆಯಿತು. ಎದ್ದ. ಮತ್ತೆ ಓಡಿದ. ವಾಪಸ್ ಇಟ್ಟರೆ ಸಾಕು, ಇಟ್ಟರೆ ಸಾಕು ಎಂದು ಬಡಬಡಿಸುತ್ತಾ ಗೂಡಿನ ಮುಂದೆ ಬಿದ್ದು ಒಳಗೆ ಕೈ ಚಾಚಿದ.

ಜಾಗ ಖಾಲಿ ಇರಲಿಲ್ಲ. ಅಲ್ಲೊಂದು ಪುಟ್ಟ ಕಲ್ಲು ಕೂತಿತ್ತು. ಮುಟ್ಟಿದರೆ, ಬೆಳಗ್ಗೆ ಮಗಳ ಹಣೆ ಸುಡುತ್ತಿದ್ದಂತೆಯೇ ಸುಡುತ್ತಿತ್ತು. ಕೀಳಲು ಎಳೆದ. ಅದು ಅಲುಗಲಿಲ್ಲ. ಉಗುರು ಕಿತ್ತು ರಕ್ತ ಬಂದರೂ ಅಲುಗಲಿಲ್ಲ. ಜೇಬಿನಲ್ಲಿ ಕಡಿಯದೇ ಉಳಿದಿದ್ದ ಫೋನಿನಲ್ಲಿ ಲವೀನಾಳ ಚೀರಾಟ ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು.

ಸೊಣ್ಣಮ್ಮ ಅವನ ತೋಳಿನಿಂದ ಹಳೆಯ ಕಲ್ಲನ್ನು ಬಿಡಿಸಿಕೊಂಡು ಸೆರಗಿನಲ್ಲಿ ಒರೆಸಿದಳು. ಅವಳೂ ಅಳುತ್ತಿದ್ದಳು.

"ನಿಮ್ಮ ಮಗೀಗೆ ಜಾಗ ಆಯ್ತು. ನಮ್ಮಜ್ಜನ್ನ ಈಗ ಎಲ್ಲಿ ಮಡಗ್ಲಿ ಸಾಮಿ?"